ಹೊಕ್ಕುಳು ಒಣಗದ ಮರಿ ಬೇಡ: ತಾಟೆ ಮೀನಿಗಾಗಿ ನಾವು ಮಾಡಿದ ಕೆಲಸ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ತಗಡಿನ ಮಾಡಿನ ಕೆಳಗೆ ಬಲೆ ಹರಡಿ ರಿಪೇರಿ ನಡೆಯುತ್ತಿರುತ್ತದೆ. ವರ್ಷದಲ್ಲಿ ಬೋಟು ನಡೆಸುವ ತಾಂಡೇಲರಿಗೆ ಕೂತು ಮಾತಾಡಲು ಪುರುಸೊತ್ತು ಸಿಗುವುದು ಈ ಎರಡು ತಿಂಗಳು ಮಾತ್ರ. ಜುಲೈ 14ನ್ನು ಹಲವು ದೇಶಗಳಲ್ಲಿ ಶಾರ್ಕ್ ಜಾಗೃತಿ ದಿನ ಎಂದು ಆಚರಿಸುತ್ತಾರೆ. ಆ ದಿನ ನಮ್ಮಲ್ಲಿ ಜಡಿಮಳೆ, ಹೊರಗೆ ಮೆರವಣಿಗೆ ಮಾಡುವಂತಿಲ್ಲ. ಆದರೆ ಕಡಲಿಗೆ ಹೋಗುವವರೆಲ್ಲ ದಡದಲ್ಲಿರುತ್ತಾರೆ. ಶಾರ್ಕ್, ಅಂದರೆ ನಮ್ಮ ಊರಿನ ತಾಟೆಯ ಬಗ್ಗೆ ಮಾತಾಡಲು ಇದಕ್ಕಿಂತ ಒಳ್ಳೆಯ ಸಮಯ ಇನ್ನಿಲ್ಲ ಎಂದು ಹೊಳೆದದ್ದೇ ನಮ್ಮ ಅಭಿಯಾನದ ಶುರು.

ನಾವು ಎಂದರೆ ಪಿಯುಸಿ, ಡಿಗ್ರಿ ಓದುವ ಹುಡುಗ ಹುಡುಗಿಯರ ಒಂದು ಸಣ್ಣ ಗುಂಪು. ಅರ್ಧದಷ್ಟು ಜನ ಮೊಗವೀರ ಮನೆಯವರು. ನನ್ನ ಅಪ್ಪ ಟ್ರಾಲ್ ಬೋಟಿನ ತಾಂಡೇಲ, ಅಜ್ಜಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವರು. ಉಳಿದವರಲ್ಲಿ ಕೆಲವರು ಮೀನು ತಿನ್ನದ ಮನೆಯಿಂದ ಬಂದವರು. ಈ ಬೆರಕೆ ಮುಂದೆ ನಮಗೆ ತುಂಬ ಉಪಯೋಗಕ್ಕೆ ಬಂತು. ಬಂದರಿಗೆ ಹೋಗಿ ಮಾತಾಡುವುದು ಕಡಲಿನ ಮನೆಯವರ ಕೆಲಸ, ಚಾರ್ಟು, ಲೆಕ್ಕ, ಪತ್ರವ್ಯವಹಾರ ಉಳಿದವರದ್ದು ಎಂದು ಹಂಚಿಕೊಂಡೆವು. ಮೀನೇ ತಿನ್ನದವರು ಬಂದು ಮೀನು ಹಿಡಿಯಬೇಡಿ ಎಂದರೆ ಬಂದರಿನಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಶಾರ್ಕ್ ಎಂದಾಗ ಊರಾಚೆಯವರಿಗೆ ನೆನಪಾಗುವುದು ರೆಕ್ಕೆ ಕತ್ತರಿಸಿ ದೇಹವನ್ನು ಕಡಲಿಗೆ ಎಸೆಯುವ ಚಿತ್ರ, ಚೀನಾದ ಸೂಪು. ನಮ್ಮ ಬಂದರಿನ ಕಥೆ ಅದಲ್ಲ. ಇಲ್ಲಿ ತಾಟೆಯನ್ನು ಇಡಿಯಾಗಿ ತರುತ್ತಾರೆ, ಇಡಿಯಾಗಿ ಮಾರುತ್ತಾರೆ, ಪುಳಿಮುಂಚಿ ಮಾಡಿ ತಿನ್ನುತ್ತಾರೆ, ಉಳಿದದ್ದನ್ನು ಉಪ್ಪು ಹಾಕಿ ಒಣಗಿಸುತ್ತಾರೆ. ರೆಕ್ಕೆ ದೇಹಕ್ಕೆ ಅಂಟಿಕೊಂಡೇ ದಡಕ್ಕೆ ಬರಬೇಕು ಎಂದು ಕೇಂದ್ರ ಸರ್ಕಾರ 2013ರಲ್ಲೇ ಹೇಳಿದೆ, 2015ರಲ್ಲಿ ರೆಕ್ಕೆಯ ರಫ್ತನ್ನೂ ನಿಷೇಧಿಸಿದೆ. ಹೀಗಿದ್ದೂ ಶಾರ್ಕ್ ಹಿಡಿಯುವ ದೊಡ್ಡ ದೇಶಗಳ ಸಾಲಿನಲ್ಲಿ ಭಾರತ ಇದೆ. ಯಾಕೆಂದರೆ ಇಲ್ಲಿ ಹೆಚ್ಚಿನ ತಾಟೆಗಳು ಬೇರೆ ಮೀನಿಗೆ ಹಾಕಿದ ಬಲೆಗೆ ಬೀಳುವಂಥವು, ಬಿದ್ದದ್ದಕ್ಕೆ ಊರಿನಲ್ಲೇ ಗಿರಾಕಿ ಇದೆ. ಹಾಗಾಗಿ ಸೂಪಿನ ಪೋಸ್ಟರ್ ನಮಗೆ ಬೇಡ ಎಂದು ಮೊದಲ ಸಭೆಯಲ್ಲೇ ತೀರ್ಮಾನವಾಯಿತು. ನಮ್ಮ ಮಾತು ನಮ್ಮ ಅಡುಗೆಮನೆಯವರ ಜೊತೆ, ನಮ್ಮ ಬೋಟಿನವರ ಜೊತೆ.

ಮಾತಾಡುವ ಮೊದಲು ಮೀನು ಗುರುತಿಸಲು ಕಲಿತೆವು. ಇದಕ್ಕೇ ಒಂದು ಹಂಗಾಮು ಹಿಡಿಯಿತು. ಬೆಳಿಗ್ಗೆ ಹರಾಜಿನ ಹೊತ್ತಿಗೆ ಬಂದರಿಗೆ ಹೋಗುವುದು, ಕೇಳಿ ಫೋಟೋ ತೆಗೆಯುವುದು, ಸ್ಕೇಲ್ ಪಕ್ಕದಲ್ಲಿಟ್ಟು ಉದ್ದ ಬರೆದುಕೊಳ್ಳುವುದು, ಗಂಡೋ ಹೆಣ್ಣೋ ನೋಡುವುದು. ಗಂಡು ತಾಟೆಗೆ ಹೊಟ್ಟೆಯಡಿಯ ರೆಕ್ಕೆಗಳ ನಡುವೆ ಎರಡು ಕಡ್ಡಿಯಂಥ ಅಂಗಗಳಿರುತ್ತವೆ, ಒಮ್ಮೆ ನೋಡಿದರೆ ಮರೆಯುವುದಿಲ್ಲ. ಚಪ್ಪಟೆ ಮೂತಿಯ ಸಣ್ಣ ತಾಟೆ ಯಾವುದು, ರೆಕ್ಕೆಯ ತುದಿ ಕಪ್ಪಗಿರುವುದು ಯಾವುದು, ಸುತ್ತಿಗೆ ತಲೆಯದ್ದರಲ್ಲಿ ಹಣೆಯ ನಡುವೆ ಕಚ್ಚು ಇರುವುದು ಯಾವುದು ಎಂದು ಒಂದೊಂದೇ ತಿಳಿಯುತ್ತಾ ಹೋಯಿತು. ಸಂಶಯ ಬಂದ ಫೋಟೋಗಳನ್ನು ಮೀನುಗಾರಿಕಾ ವಿಜ್ಞಾನ ಓದಿದವರಿಗೆ ಕಳಿಸಿ ಕೇಳಿದೆವು. ಆದರೆ ನಮಗೆ ಹೆಚ್ಚು ಕಲಿಸಿದವರು ಮೀನು ಕತ್ತರಿಸುವ ಹೆಂಗಸರು. ಯಾವ ತಾಟೆಯ ಹೊಟ್ಟೆಯಲ್ಲಿ ಎಷ್ಟು ಮರಿ ಇರುತ್ತವೆ ಎಂದು ಅವರಷ್ಟು ನೋಡಿದವರು ಬೇರೆ ಯಾರಿದ್ದಾರೆ?

ಇಲ್ಲೇ ನಮಗೆ ಮುಖ್ಯವಾದ ವಿಷಯ ಸಿಕ್ಕಿದ್ದು. ಬಂಗುಡೆ, ಬೂತಾಯಿ ಒಂದೊಂದೂ ಸಾವಿರಗಟ್ಟಲೆ ಮೊಟ್ಟೆ ಇಟ್ಟು ಕಡಲಿಗೆ ಬಿಡುತ್ತವೆ. ತಾಟೆ ಹಾಗಲ್ಲ. ನಮ್ಮಲ್ಲಿ ಸಿಗುವ ಹೆಚ್ಚಿನ ತಾಟೆಗಳು ಮರಿ ಹಾಕುತ್ತವೆ. ಮರಿಗೂ ತಾಯಿಗೂ ಹೊಕ್ಕುಳಬಳ್ಳಿಯ ಸಂಬಂಧ ಇರುತ್ತದೆ. ಕಪ್ಪು ರೆಕ್ಕೆತುದಿಯ ದೊಡ್ಡ ತಾಟೆ ಹತ್ತರಿಂದ ಹನ್ನೆರಡು ತಿಂಗಳು ಗರ್ಭ ಹೊತ್ತು ನಾಲ್ಕರಿಂದ ಹತ್ತು ಮರಿ ಹಾಕುತ್ತದೆ, ಅದೂ ವರ್ಷ ಬಿಟ್ಟು ವರ್ಷ. ಹುಟ್ಟಿದ ಮರಿಯನ್ನು ಮಗುಚಿ ಹಾಕಿದರೆ ಎದೆಯ ಎರಡು ರೆಕ್ಕೆಗಳ ನಡುವೆ ಒಂದು ಸಣ್ಣ ಸೀಳು ಕಾಣುತ್ತದೆ. ಅದು ಹೊಕ್ಕುಳು. ಹುಟ್ಟಿ ಕೆಲವು ವಾರಗಳವರೆಗೆ ಅದು ತೆರೆದೇ ಇರುತ್ತದೆ, ಆಮೇಲೆ ಮುಚ್ಚಿ ಗೆರೆಯಾಗಿ ನಿಧಾನಕ್ಕೆ ಮಾಸುತ್ತದೆ.

ಹರಾಜಿನ ನೆಲದ ಮೇಲೆ ರಾಶಿ ಹಾಕಿದ್ದ ಸುತ್ತಿಗೆ ತಲೆಯ ಮರಿಗಳನ್ನು ಒಂದೊಂದಾಗಿ ಮಗುಚಿ ನೋಡಿದಾಗ ಎಲ್ಲದರಲ್ಲೂ ಹೊಕ್ಕುಳು ಹಸಿಯಾಗಿತ್ತು. ಪಕ್ಕದಲ್ಲಿ ಕುಳಿತಿದ್ದ ಮೀನು ಮಾರುವ ಅಕ್ಕನಿಗೆ ತೋರಿಸಿದೆ. ದಿನಾ ಮೀನು ಕತ್ತರಿಸುವವರು ಅವರು, ಆದರೂ ಇದನ್ನು ಹೊಕ್ಕುಳು ಎಂದು ಯೋಚಿಸಿರಲಿಲ್ಲ. ಬೆರಳಿನಿಂದ ಮುಟ್ಟಿ ನೋಡಿದರು. "ಇದರ ಹೊಕ್ಕುಳೇ ಒಣಗಲಿಲ್ಲ ಅಲ್ಲ ಮಗಾ, ಇದನ್ನು ಬಾಣಂತಿಗೆ ಅಂತ ಕೊಂಡು ಹೋಗ್ತಾರೆ" ಎಂದರು. ನಮ್ಮ ಅಭಿಯಾನದ ಸಾಲು ಅವರ ಬಾಯಿಂದಲೇ ಬಂದದ್ದು. ಹೊಕ್ಕುಳು ಒಣಗದ ಮರಿ ಬೇಡ.

ಕರಾವಳಿಯ ಮನೆಗಳಲ್ಲಿ ಹುಟ್ಟಿದವರಿಗೆ ಬಾಣಂತಿಯ ಮಾತು ಬಿಡಿಸಿ ಹೇಳಬೇಕಿಲ್ಲ. ಸಣ್ಣ ತಾಟೆಯ ಸಾರು ಉಣಿಸಿದರೆ ಎದೆಹಾಲು ಹೆಚ್ಚುತ್ತದೆ ಎಂಬ ನಂಬಿಕೆ ನಮ್ಮಲ್ಲೂ ಇದೆ, ತಮಿಳುನಾಡಿನಲ್ಲೂ ಇದೆ. ನನ್ನ ಅತ್ತಿಗೆ ಬಾಣಂತಿಯಾಗಿದ್ದಾಗ ಅಜ್ಜಿ ಎರಡು ಪಟ್ಟು ರೇಟು ಕೊಟ್ಟು ತಾಟೆ ತಂದು ಸಾರು ಮಾಡಿದ್ದರು. ಪ್ರೀತಿಯಿಂದ ಮಾಡುವ ಕೆಲಸ ಅದು. ಅದನ್ನು ಮೂಢನಂಬಿಕೆ ಎಂದು ಕರೆದರೆ ಮಾತು ಅಲ್ಲಿಗೇ ನಿಲ್ಲುತ್ತದೆ, ಹಾಗಾಗಿ ಆ ಪದವನ್ನೇ ನಮ್ಮ ಗುಂಪಿನಲ್ಲಿ ಬಳಸಬಾರದು ಎಂದು ಮಾಡಿಕೊಂಡೆವು. ಬದಲಿಗೆ ಒಬ್ಬರು ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೆವು. ಮನೆಯ ಒಳಗೆ, ಬಾಣಂತಿ ಕೋಣೆಯವರೆಗೆ ಹೋಗುವ ಸಲಿಗೆ ಅವರಿಗೆ ಇರುತ್ತದೆ. ಹಾಲು ಹೆಚ್ಚುವುದು ಮಗು ಎಷ್ಟು ಸಲ, ಎಷ್ಟು ಚೆನ್ನಾಗಿ ಕುಡಿಯುತ್ತದೆ ಎಂಬುದರ ಮೇಲೆ, ತಾಯಿಗೆ ಬೇಕಾದದ್ದು ಹೊಟ್ಟೆತುಂಬ ಊಟ, ನೀರು, ನಿದ್ದೆ ಎಂದು ಅವರು ಹೇಳಿದರೆ ಅಜ್ಜಿಯಂದಿರು ಕೇಳುತ್ತಾರೆ. ಮೀನೇ ಬೇಕೆಂದರೆ ಬೂತಾಯಿ ಇದೆ, ನಂಗ್ ಇದೆ, ರೇಟೂ ಕಡಿಮೆ.

ದೊಡ್ಡ ತಾಟೆಯ ವಿಷಯದಲ್ಲಿ ಹೇಳಬೇಕಾದದ್ದು ಬೇರೆ. ಬೇರೆ ಮೀನು ತಿಂದು ಬಹಳ ಕಾಲ ಬದುಕುವ ಮೀನಿನ ಮಾಂಸದಲ್ಲಿ ಪಾದರಸ ಸೇರುತ್ತಾ ಹೋಗುತ್ತದೆ. ಆಹಾರದ ಅಂತರರಾಷ್ಟ್ರೀಯ ಮಾನದಂಡ ನಿಗದಿ ಮಾಡುವ ಕೋಡೆಕ್ಸ್ 2018ರಲ್ಲಿ ಶಾರ್ಕ್ ಮಾಂಸಕ್ಕೆ ಕಿಲೋಗೆ 1.6 ಮಿಲಿಗ್ರಾಂ ಮೀಥೈಲ್ ಪಾದರಸದ ಮಿತಿ ಹಾಕಿದೆ. ಅಮೆರಿಕದ ಸರ್ಕಾರಿ ಸಂಸ್ಥೆಗಳು ಬಸುರಿಯರೂ ಹಾಲೂಡಿಸುವ ತಾಯಂದಿರೂ ಶಾರ್ಕ್ ತಿನ್ನಲೇಬಾರದು ಎನ್ನುತ್ತವೆ. ಈ ಪಾದರಸದ ಮಾತನ್ನು ಮರಿಗಳಿಗೆ ಅಂಟಿಸುವುದು ಸುಲಭವಿತ್ತು, ಹೆದರಿಸಿದರೆ ಜನ ಬೇಗ ಬಿಡುತ್ತಾರೆ. ನಾವು ಹಾಗೆ ಮಾಡಲಿಲ್ಲ. ಮರಿಯಲ್ಲಿ ಪಾದರಸ ಸೇರಲು ಅಷ್ಟು ಸಮಯವೇ ಆಗಿರುವುದಿಲ್ಲ. ದೊಡ್ಡದಕ್ಕೆ ಪಾದರಸದ ಕಾರಣ, ಮರಿಗೆ ಹೊಕ್ಕುಳಿನ ಕಾರಣ ಎಂದು ಬೇರೆಬೇರೆಯಾಗಿಯೇ ಹೇಳಿದೆವು. ಊರಿನಲ್ಲಿ ಒಂದು ಸುಳ್ಳು ಸಿಕ್ಕಿಬಿದ್ದರೆ ಹತ್ತು ಸತ್ಯಕ್ಕೂ ಬೆಲೆ ಇರುವುದಿಲ್ಲ.

ಇನ್ನೊಂದು ವಿಷಯದಲ್ಲಿ ಬಹಳ ಎಚ್ಚರ ಬೇಕಿತ್ತು. ಸಣ್ಣದಿರುವುದೆಲ್ಲ ಮರಿ ಅಲ್ಲ. ಚಪ್ಪಟೆ ಮೂತಿಯ ಸಣ್ಣ ತಾಟೆ ಪೂರ್ತಿ ಬೆಳೆದರೂ ಎರಡೂವರೆ ಅಡಿ ದಾಟುವುದು ಕಷ್ಟ. ಹೋಟೆಲಿನ ಮೆನುವಿನಲ್ಲಿ ಬೇಬಿ ಶಾರ್ಕ್ ಎಂದಿದ್ದರೆ ಅದು ಸಣ್ಣ ಜಾತಿಯ ಬೆಳೆದ ತಾಟೆಯೂ ಇರಬಹುದು, ದೊಡ್ಡ ಜಾತಿಯ ಎಳೆ ಮರಿಯೂ ಇರಬಹುದು. ಒಂದು ಅಡಿಗಿಂತ ಸಣ್ಣದು ಬೇಡ ಎಂಬಂತೆ ಅಳತೆ ಹೇಳಿದರೆ ತಾಂಡೇಲರು ಮೊದಲ ದಿನವೇ ತಪ್ಪು ತೋರಿಸುತ್ತಾರೆ. ಹೊಕ್ಕುಳಿನ ಗುರುತಿಗೆ ಜಾತಿ ಗೊತ್ತಿರಬೇಕಿಲ್ಲ, ಅಳತೆಪಟ್ಟಿ ಬೇಕಿಲ್ಲ, ಯಾರು ಬೇಕಾದರೂ ಮಗುಚಿ ನೋಡಬಹುದು. ನಾವು ಜನರಲ್ಲಿ ಕೇಳಿಕೊಂಡದ್ದು ಅಷ್ಟೇ. ತಾಟೆ ತಿನ್ನಬೇಡಿ ಅಂತಲ್ಲ. ಕೊಳ್ಳುವ ಮೊದಲು ಒಂದು ಸಲ ಮಗುಚಿ ನೋಡಿ.

ಭಜನಾ ಮಂದಿರಗಳಲ್ಲಿ ಮಾತಾಡಲು ಮೊದಲು ಊರಿನ ಮುಖಂಡರಾದ ಗುರಿಕಾರರ ಒಪ್ಪಿಗೆ ಪಡೆದೆವು. ಅವರಲ್ಲಿ ಒಬ್ಬರು, ಈಗ ಎಂಬತ್ತು ದಾಟಿದವರು, ನಮ್ಮನ್ನು ಕೂರಿಸಿ ಗರಗಸ ಮೀನಿನ ಕಥೆ ಹೇಳಿದರು. ಬಲೆಗೆ ಬಿದ್ದರೆ ಬಲೆಯನ್ನೇ ಸೀಳಿಹಾಕುತ್ತಿದ್ದ, ಮೂತಿಯುದ್ದಕ್ಕೂ ಹಲ್ಲಿದ್ದ ಮೀನು. ಅವರು ಹುಡುಗನಾಗಿದ್ದಾಗ ಕಂಡದ್ದು. ಅಪ್ಪನನ್ನು ಕೇಳಿದೆ, ಅಪ್ಪ ತನ್ನ ಇಡೀ ಕಡಲ ಬದುಕಿನಲ್ಲಿ ಜೀವಂತ ಗರಗಸ ಮೀನು ಕಂಡೇ ಇಲ್ಲ. ಆ ಸಂಜೆ ಮಂದಿರದಲ್ಲಿ ನಾವು ಜಗತ್ತಿನ ಅಂಕಿಗಳನ್ನೂ ಹೇಳಿದೆವು. 1970ರಿಂದೀಚೆಗೆ ತೆರೆದ ಸಾಗರದ ಶಾರ್ಕ್ ಮತ್ತು ಚಪ್ಪಟೆ ದೇಹದ ತೊರಕೆ ಮೀನುಗಳ ಸಂಖ್ಯೆ ಶೇ. 71ರಷ್ಟು ಕುಸಿದಿದೆ ಎಂದು 2021ರ ಅಧ್ಯಯನ ಹೇಳಿತು. ಒಟ್ಟು ಶಾರ್ಕ್, ತೊರಕೆಗಳಲ್ಲಿ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಜಾತಿಗಳು ಅಳಿವಿನ ಅಪಾಯದಲ್ಲಿವೆ, ನಮ್ಮ ಬಂದರಿಗೆ ಬರುವ ಸುತ್ತಿಗೆ ತಲೆಯದ್ದು ಅಪಾಯದ ಕೊನೆಯ ಮೆಟ್ಟಿಲಲ್ಲಿದೆ. ಅಂಕಿಗಳನ್ನು ಎಲ್ಲರೂ ಸುಮ್ಮನೆ ಕೇಳಿಸಿಕೊಂಡರು. ಆದರೆ ಸಭೆ ಎದ್ದ ಮೇಲೆ ಹಿರಿಯ ತಾಂಡೇಲರೊಬ್ಬರು ಬಂದು ಕೇಳಿದ್ದು ಒಂದೇ, "ಗರಗಸ ಹೋದ ಹಾಗೇ ಸುತ್ತಿಗೆಯೂ ಹೋಗ್ತದಾ?" ಹೌದು ಎಂದೆ. ಅಂದಿನಿಂದ ಪ್ರತಿ ಊರಿನಲ್ಲೂ ಮೊದಲು ಹಿರಿಯರಿಂದ ಗರಗಸದ ಕಥೆ ಹೇಳಿಸುತ್ತೇವೆ, ಆಮೇಲೆ ನಮ್ಮ ಮಾತು.

ಬೋಟಿನವರ ಹತ್ತಿರ ಕೇಳುವುದು ಬೇರೆ. ಬಲೆಗೆ ಬಿದ್ದ ತಾಟೆಯನ್ನೆಲ್ಲ ಬಿಡಿ ಎಂದು ಹೇಳುವವರು ಕಡಲಿಗೆ ಹೋದವರಲ್ಲ. ಟ್ರಾಲ್ ಬಲೆ ಗಂಟೆಗಟ್ಟಲೆ ಎಳೆದು ಮೇಲೆತ್ತುವಾಗ ಸುತ್ತಿಗೆ ತಲೆಯ ತಾಟೆ ಬಹುಪಾಲು ಸತ್ತಿರುತ್ತದೆ. ಅದಕ್ಕೆ ಈಜುತ್ತಿದ್ದರೇ ಉಸಿರು. ಸತ್ತದ್ದನ್ನು ಬಿಟ್ಟರೆ ಯಾರಿಗೂ ಲಾಭವಿಲ್ಲ. ಆದರೆ ತೊರಕೆ, ಗಿಟಾರ್ ಮೀನು, ತಳದಲ್ಲಿ ಮಲಗುವ ಬಿದಿರು ತಾಟೆ ಇವೆಲ್ಲ ಬಿದ್ದಲ್ಲೇ ಇದ್ದು ನೀರು ಎಳೆದು ಉಸಿರಾಡಬಲ್ಲವು, ಡೆಕ್ಕಿನ ಮೇಲೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತವೆ. ಗಿಟಾರ್ ಮೀನುಗಳಲ್ಲಿ ಹಲವು ಜಾತಿಗಳು ಸುತ್ತಿಗೆಯಷ್ಟೇ ಅಪಾಯದಲ್ಲಿವೆ. ಹಾಗಾಗಿ ನಮ್ಮ ಕೋರಿಕೆಯನ್ನು ಇವಕ್ಕೇ ಸೀಮಿತ ಮಾಡಿದೆವು. ಜೀವ ಇದ್ದರೆ ಮೊದಲು ಇವನ್ನು ಬೇರೆ ಮಾಡಿ, ಬಾಲ ಹಿಡಿದು ನೇತಾಡಿಸಬೇಡಿ, ಕಿವಿರಿಗೆ ಬೆರಳು ಹಾಕಬೇಡಿ, ಎರಡೂ ಕೈಯಿಂದ ಎತ್ತಿ ನೀರಿಗೆ ಬಿಡಿ. ಮಾರಿದರೂ ದೊಡ್ಡ ಹಣ ಬರದ ಮೀನುಗಳಿವು, ಬಿಟ್ಟರೆ ಬೋಟಿಗೆ ಹೆಚ್ಚು ನಷ್ಟವಿಲ್ಲ. ಅಪ್ಪನ ಬೋಟಿನಲ್ಲಿ ಮೊದಲು ಶುರುವಾಯಿತು. ಹುಡುಗರು ಮೊಬೈಲಿನಲ್ಲಿ ಬಿಡುವ ವಿಡಿಯೋ ಮಾಡಿದರು, ಅದಕ್ಕೆ ತುಳುವಿನಲ್ಲಿ ಎರಡು ಮಾತು ಸೇರಿಸಿ ಸ್ಟೇಟಸ್ ಹಾಕಿದರು. ಪಕ್ಕದ ಬೋಟಿನವರೂ ಹಾಕಿದರು. ನಮ್ಮ ಯಾವ ಭಾಷಣವೂ ಇಷ್ಟು ದೂರ ಹೋಗಿರಲಿಲ್ಲ.

ತಿಮಿಂಗಿಲ ಶಾರ್ಕಿನ ವಿಷಯಕ್ಕೆ ಗುಜರಾತಿನ ದಾರಿ ನಮ್ಮ ಮುಂದಿತ್ತು. 12 ಮೀಟರ್ ದಾಟಿ ಬೆಳೆಯುವ, ಯಾರಿಗೂ ತೊಂದರೆ ಕೊಡದ ಮೀನು ಅದು. ವೆರಾವಲ್ ಕಡೆ ಅದರ ಲಿವರಿನ ಎಣ್ಣೆಗಾಗಿ, ಮಾಂಸಕ್ಕಾಗಿ ನೂರಾರು ಸಂಖ್ಯೆಯಲ್ಲಿ ಕೊಲ್ಲುತ್ತಿದ್ದರು. 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿತು, ಈಗ ಕೊಂದರೆ ಮೂರರಿಂದ ಏಳು ವರ್ಷ ಜೈಲು. ಆದರೆ ಅಲ್ಲಿನ ಮೀನುಗಾರರ ಮನಸ್ಸು ತಿರುಗಿದ್ದು 2004ರಲ್ಲಿ ಶುರುವಾದ ಅಭಿಯಾನದಿಂದ. ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಅದನ್ನು ನಡೆಸಿತು. ರಾಮಕಥೆ ಹೇಳುವ ಮೊರಾರಿ ಬಾಪು ಆ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳು ಎಂದರು. ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡಲು ಶುರು ಮಾಡಿತು. ಮಾತು ಮತ್ತು ಪರಿಹಾರ ಎರಡೂ ಇದ್ದದ್ದರಿಂದ ಅಲ್ಲಿ ಮೀನುಗಾರರೇ ಬಲೆ ಕತ್ತರಿಸಿ ನೂರಾರು ತಿಮಿಂಗಿಲ ಶಾರ್ಕುಗಳನ್ನು ಬಿಟ್ಟಿದ್ದಾರೆ. ನಮ್ಮ ಸಭೆಗಳಲ್ಲಿ ಈ ತವರಿನ ಮಾತು ಹೇಳಿದಾಗ ಹೆಂಗಸರು ತಲೆದೂಗುತ್ತಾರೆ, ಗಂಡಸರು ಪರಿಹಾರ ಎಷ್ಟು, ಯಾರು ಕೊಡುತ್ತಾರೆ ಎಂದು ಕೇಳುತ್ತಾರೆ. ಗಂಡಸರ ಈ ಪ್ರಶ್ನೆ ಸಣ್ಣದು ಎಂದು ನನಗೆ ಅನಿಸುವುದಿಲ್ಲ. ಒಂದು ಬಲೆಯ ಬೆಲೆ ಗೊತ್ತಿದ್ದವರು ಯಾರೂ ಹಾಗೆ ಅಂದುಕೊಳ್ಳುವುದಿಲ್ಲ.

ಎಳೆಯರು ಹೇಳಿದರೆ ಯಾರು ಕೇಳುತ್ತಾರೆ ಎಂದು ನಮ್ಮ ಗುಂಪಿಗೆ ಹೊಸದಾಗಿ ಬರುವವರು ಕೇಳುವುದಿದೆ. ಪೆಸಿಫಿಕ್ ಸಾಗರದ ಸೈಪಾನ್ ದ್ವೀಪದಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ತಮ್ಮ ಜನಪ್ರತಿನಿಧಿಗಳಿಗೆ ಪತ್ರ ಬರೆದು ಬೆಂಬಲಿಸಿದ ಮಸೂದೆ 2011ರಲ್ಲಿ ಕಾನೂನಾಯಿತು, ಅಲ್ಲಿ ಶಾರ್ಕ್ ರೆಕ್ಕೆ ಇಟ್ಟುಕೊಳ್ಳುವುದೂ ಮಾರುವುದೂ ನಿಂತಿತು. ಇದನ್ನು ಅವರಿಗೆ ಹೇಳುತ್ತೇನೆ. ಜೊತೆಗೆ ಇನ್ನೊಂದನ್ನೂ ಹೇಳುತ್ತೇನೆ, ನಮ್ಮ ಬಲ ಇರುವುದು ಕಾನೂನಿನಲ್ಲಿ ಅಲ್ಲ, ನಾವು ಆ ಮನೆಯ ಮೊಮ್ಮಕ್ಕಳು ಎಂಬುದರಲ್ಲಿ. ಅಜ್ಜಿ ಅಧಿಕಾರಿಯ ಮಾತು ಕೇಳುವುದಿಲ್ಲ, ಮೊಮ್ಮಗಳು ಮೀನು ಮಗುಚಿ ತೋರಿಸಿದರೆ ಕನ್ನಡಕ ಹಾಕಿಕೊಂಡು ನೋಡುತ್ತಾಳೆ. ನನ್ನ ಅಜ್ಜಿ ನೋಡಿದರು. ಈಗ ಅವರ ಗೆಳತಿಯರಿಗೆ ಅವರೇ ತೋರಿಸುತ್ತಾರೆ.

ಕೆಲಸಕ್ಕೆ ಇಳಿಯುವವರಿಗೆ ಉಪಯೋಗಕ್ಕೆ ಬರಬಹುದಾದ ಒಂದೆರಡು ಸಂಗತಿ. ಚಾರ್ಟನ್ನು ಕಾಗದದಲ್ಲಿ ಕೊಡಬೇಡಿ, ಬೋಟಿನಲ್ಲಿ ಎರಡು ದಿನವೂ ಉಳಿಯುವುದಿಲ್ಲ. ನಾವು ಫ್ಲೆಕ್ಸ್ ಬಟ್ಟೆಯಲ್ಲಿ ಮುದ್ರಿಸಿ, ಮೇಲೆ ಕೆಳಗೆ ತೂತು ಹಾಕಿ, ಸ್ಟಿಯರಿಂಗ್ ಕೋಣೆಯಲ್ಲಿ ಕಟ್ಟುವಂತೆ ಮಾಡಿದೆವು. ವೈಜ್ಞಾನಿಕ ಹೆಸರು ಸಣ್ಣಕ್ಕೆ, ಊರಿನ ಹೆಸರು ದೊಡ್ಡಕ್ಕೆ. ಬಂದರಿನಲ್ಲಿ ಫೋಟೋ ತೆಗೆಯುವಾಗ ಮುಖ ಬರದಂತೆ, ಬೋಟಿನ ನಂಬರ್ ಬರದಂತೆ ನೋಡಿಕೊಳ್ಳಿ. ರಕ್ಷಿತ ಮೀನು ಯಾರ ಬಲೆಗೆ ಬಿದ್ದದ್ದು ಎಂದು ತೋರಿಸುವ ಫೋಟೋ ಒಮ್ಮೆ ಹೊರಗೆ ಹೋದರೆ ಆ ಬಂದರಿನಲ್ಲಿ ನಿಮ್ಮ ಜೊತೆ ಮತ್ತೆ ಯಾರೂ ಮಾತಾಡುವುದಿಲ್ಲ. ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯ ನಂತರ ರಕ್ಷಿತ ಶಾರ್ಕ್, ತೊರಕೆಗಳ ಪಟ್ಟಿ ಉದ್ದವಾಗಿದೆ, ಹಲವು ಬೋಟಿನವರಿಗೆ ಅದು ತಲುಪಿಯೇ ಇಲ್ಲ. ಅದನ್ನು ತಿಳಿಸುವುದು ನಮ್ಮ ಕೆಲಸ, ಹಿಡಿದುಕೊಡುವುದಲ್ಲ.

ಇಷ್ಟರಿಂದ ಕಡಲಿನಲ್ಲಿ ತಾಟೆ ಹೆಚ್ಚಾಯಿತೇ ಎಂದು ಕೇಳಿದರೆ, ಹಾಗೆ ಹೇಳಲು ಕೆಲವು ಹಂಗಾಮು ಸಾಲದು. ಇಷ್ಟು ನಿಧಾನವಾಗಿ ಹುಟ್ಟುವ ಜೀವಕ್ಕೆ ಲೆಕ್ಕವೂ ನಿಧಾನ. ನಮ್ಮ ಕಣ್ಣಿಗೆ ಕಂಡದ್ದು ಇಷ್ಟು. ನಾವು ಹೋಗುವ ಮಾರುಕಟ್ಟೆಯಲ್ಲಿ ಕೆಲವು ಅಕ್ಕಂದಿರು ಹಸಿ ಹೊಕ್ಕುಳಿನ ಮರಿಯನ್ನು ಹರಾಜಿನಲ್ಲಿ ಎತ್ತುವುದು ಬಿಟ್ಟಿದ್ದಾರೆ, ಗಿರಾಕಿಗಳೇ ಕೇಳುತ್ತಾರೆ ಎಂಬುದು ಅವರು ಕೊಡುವ ಕಾರಣ. ಅವರು ಎತ್ತದ ಮರಿ ಎಲ್ಲಿಗೆ ಹೋಗುತ್ತದೆ ಎಂಬುದು ನಮ್ಮನ್ನು ಈಗ ಕಾಡುವ ಪ್ರಶ್ನೆ. ಒಂದಷ್ಟು ಒಣಮೀನಿಗೆ, ಇನ್ನಷ್ಟು ಮೀನನ್ನು ಪುಡಿ ಮಾಡುವ ಫಿಶ್ ಮೀಲ್ ಕಾರ್ಖಾನೆಗೆ ಹೋಗುವ ರಾಶಿಗೆ. ಅಡುಗೆಮನೆಯಲ್ಲಿ ಗೆದ್ದ ಮಾತು ಆ ರಾಶಿಯ ಮುಂದೆ ನಡೆಯುವುದಿಲ್ಲ. ಬಲೆಯ ಕಣ್ಣು ದೊಡ್ಡದು ಮಾಡಿದರೆ ಬಂಗುಡೆಯ ಮರಿಗೆ ದಾರಿ ಸಿಗುತ್ತದೆ, ಹುಟ್ಟುವಾಗಲೇ ಒಂದು ಒಂದೂವರೆ ಅಡಿ ಇರುವ ಸುತ್ತಿಗೆಯ ಮರಿ ಅದರಲ್ಲಿ ತೂರುವುದಿಲ್ಲ. ಮರಿ ಬಿದ್ದ ಮೇಲೆ ಮಾಡುವುದು ಕಡಿಮೆ, ಮರಿ ಇರುವಲ್ಲಿ ಬಲೆ ಹಾಕದಿರುವುದೇ ದಾರಿ.

ಯಾವ ತಿಂಗಳು, ಎಷ್ಟು ಮಾರು ಆಳದಲ್ಲಿ, ಯಾವ ದಿಕ್ಕಿಗೆ ಹೋದರೆ ಮರಿಗಳೇ ಬಲೆ ತುಂಬುತ್ತವೆ ಎಂದು ತಾಂಡೇಲರಿಗೆ ಗೊತ್ತು. ಕಳೆದ ರಜೆಯಲ್ಲಿ ದೊಡ್ಡ ನಕ್ಷೆಯೊಂದನ್ನು ಬಲೆ ರಿಪೇರಿ ಮಾಡುವಲ್ಲೇ ಹಾಸಿ, ಅವರ ಕೈಯಿಂದ ಗುರುತು ಹಾಕಿಸಲು ಶುರು ಮಾಡಿದೆವು. ಅಪ್ಪ ಮೊದಲ ಗುರುತು ಹಾಕಿದರು, ಪಕ್ಕದವರು ಅಲ್ಲ ಅಲ್ಲ ಎಂದು ಪೆನ್ಸಿಲ್ ಕಿತ್ತುಕೊಂಡು ಇನ್ನೂ ಬಡಗು ದಿಕ್ಕಿಗೆ ಎಳೆದರು, ಜೋರು ಚರ್ಚೆಯಾಯಿತು. ಮೂರು ನಾಲ್ಕು ಜನ ಒಪ್ಪಿದ ಜಾಗವನ್ನು ಮಾತ್ರ ಮಸಿಯಲ್ಲಿ ಬರೆಯುತ್ತೇವೆ. ಆ ಜಾಗಗಳಲ್ಲಿ ಮರಿ ಹಾಕುವ ತಿಂಗಳಷ್ಟೇ ಬಲೆ ಬಿಡದಿರಲು ಬೋಟಿನವರ ಸಂಘವೇ ತೀರ್ಮಾನ ಮಾಡಬೇಕು ಎಂಬುದು ನಮ್ಮ ಬೇಡಿಕೆ. ನಕ್ಷೆಯ ಪ್ರತಿಯನ್ನು ಸಂಘದ ಕೈಗೆ ಮೊದಲು ಕೊಟ್ಟು, ಅವರು ಒಪ್ಪಿದ ಮೇಲೆ ಇಲಾಖೆಗೆ ಕೊಡುತ್ತೇವೆ. ಗಂಗೊಳ್ಳಿಯ ಖಾರ್ವಿ ಹುಡುಗರು ಚಾರ್ಟು ಕೇಳಿದ್ದಾರೆ, ಅದರಲ್ಲಿ ತಾಟೆ ಎಂದಿರುವಲ್ಲೆಲ್ಲ ಅವರು ಹೇಳುವ ಮೋರಿ ಎಂದು ಬದಲಿಸಿ, ಈ ಬಾರಿಯ ರಜೆ ಮುಗಿಯುವ ಮೊದಲು ಮುದ್ರಿಸಿ ಕಳಿಸಬೇಕು.